ಲಿಂಕೋಪಿಂಗ್‌ನಲ್ಲೊಂದು ಗಟ್ಟಿಮೇಳ

ಮಾತಿಲ್ಲದ ಬೋಗಿ

ಸ್ವೀಡನ್ನಿನಲ್ಲಿ ನನಗೆ ಮೊದಲ ಪಾಠ ಹೇಳಿದವಳು ಒಬ್ಬ ಅಜ್ಜಿ. ಗೋಥೆನ್‌ಬರ್ಗ್‌ನಲ್ಲಿ ವಿಮಾನ ಇಳಿದು, ಅಲ್ಲಿಯ ಟ್ರಾಮುಗಳ ಗಂಟೆ ಕೇಳುತ್ತ ನಿಲ್ದಾಣ ತಲುಪಿ, ಲಿಂಕೋಪಿಂಗ್ ಕಡೆಯ ರೈಲು ಹತ್ತಿದ ಕೂಡಲೇ ಮನೆಗೆ ಫೋನ್ ಹಚ್ಚಿದೆ. "ಹಲೋ, ಕೇಳ್ತದೇನೇ? ಮುಟ್ಟಿದೆ! ಮಂಡಕ್ಕಿ ಚೀಲನೂ ಮುಟ್ಟಿತು! ಒಂದು ಕಾಳೂ ಚೆಲ್ಲಿಲ್ಲ!" ಎಂದೆ. ಎದುರು ಸೀಟಿನ ಅಜ್ಜಿ ನನ್ನನ್ನು ನೋಡಿ ಮುಗುಳ್ನಕ್ಕು ಕಿಟಕಿ ಗಾಜಿನ ಕಡೆ ಬೆರಳು ತೋರಿಸಿದಳು. ಅಲ್ಲೊಂದು ಚಿತ್ರ ಅಂಟಿಸಿತ್ತು: ತುಟಿಯ ಮೇಲೆ ಬೆರಳು.

"ಮಾವ, ಇದು ಕ್ವಯಟ್ ಕೋಚು. ಇಲ್ಲಿ ಫೋನಲ್ಲಿ ಮಾತಾಡೋ ಹಾಗಿಲ್ಲ," ಎಂದು ಚೈತ್ರ ನನ್ನ ಕಿವಿಯಲ್ಲಿ ಉಸುರಿದಳು. ಚೈತ್ರ ನನ್ನ ತಂಗಿಯ ಮಗಳು. ಲಿಂಕೋಪಿಂಗ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ನನ್ನನ್ನು ಕರೆದೊಯ್ಯಲು ಗೋಥೆನ್‌ಬರ್ಗ್‌ವರೆಗೂ ಬಂದಿದ್ದಳು.

"ಪಿಸುಪಿಸು ಅನ್ನಬಹುದೇನು?"

"ನಿಮ್ಮ ಪಿಸುಪಿಸು ಹುಬ್ಳಿಗೆ ಕೇಳುತ್ತೆ ಮಾವ. ಬೇಡ."

ಅವಳ ಮಾತಿನಲ್ಲಿ ಸುಳ್ಳಿಲ್ಲ. ದಾವಣಗೆರೆಯ ಕಲ್ಯಾಣಮಂಟಪವೊಂದರ ಮ್ಯಾನೇಜರಾಗಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ವಾಲಗದ ಸದ್ದನ್ನು ಮೀರಿ "ಎರಡನೇ ಪಂಕ್ತಿ ಕೂತರು, ಪಲ್ಯ ಬಿಡ್ರಪ್ಪಾ" ಎಂದು ಅಡುಗೆಮನೆಗೆ ಕೂಗಬೇಕಾದ ಗಂಟಲು ಇದು. ಅದಕ್ಕೆ ಸಣ್ಣ ದನಿ ಎನ್ನುವುದೇ ಗೊತ್ತಿಲ್ಲ. ನಮ್ಮ ಕಡೆ ರೈಲು ಅರಸೀಕೆರೆ ದಾಟುವಷ್ಟರಲ್ಲಿ ಎದುರು ಸೀಟಿನವರ ಊರು, ಮಗಳ ಸಂಬಳ, ಯಜಮಾನರ ಸಕ್ಕರೆ ಕಾಯಿಲೆ ಎಲ್ಲ ನಮಗೆ ತಿಳಿದಿರುತ್ತದೆ. ಇಲ್ಲಿ ಊರಿಂದೂರಿಗೆ ಒಂದು ಕೆಮ್ಮೂ ಇಲ್ಲ. ಕಿಟಕಿಯಾಚೆ ಹಸಿರು, ಕೆಂಪು ಮರದ ಮನೆಗಳು, ಒಂದು ಕೆರೆ, ಇನ್ನೊಂದು ಕೆರೆ. ಇಳಿಯುವಾಗ ಅಜ್ಜಿ ಮಾತಿಲ್ಲದೆ ನನ್ನ ಕೈಗೊಂದು ಕರಿ ಮಿಠಾಯಿ ಇಟ್ಟಳು. ಬಾಯಿಗೆ ಹಾಕಿಕೊಂಡರೆ ಉಪ್ಪು! ಈ ಜನ ಮಿಠಾಯಿಗೂ ಉಪ್ಪು ಹಾಕುತ್ತಾರೆ. ಉಗುಳಲು ಜಾಗವಿಲ್ಲದೆ ಮರ್ಯಾದೆಯಿಂದ ನುಂಗಿದೆ.

ಗೋಡೆಯಾಚೆಯ ರೇಡಿಯೊ

ಲಿಂಕೋಪಿಂಗ್ ಸೈಕಲ್ಲುಗಳ ಊರು. ಚೈತ್ರಳ ಮನೆ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ, ಗೂಡಿನಷ್ಟು. ಜೂನ್ ತಿಂಗಳಾದ್ದರಿಂದ ಊಟವಾಗಿ ಹಾಸಿಗೆ ಹಾಸಿದರೂ ಹೊರಗೆ ನಮ್ಮೂರ ನಾಲ್ಕು ಗಂಟೆಯ ಬಿಸಿಲು. ಇಡೀ ಕಟ್ಟಡವೇ ರೈಲಿನ ಬೋಗಿಯ ಹಾಗೆ ಮೌನ. ಆದರೆ ಪಕ್ಕದ ಮನೆಯಿಂದ ಮಾತ್ರ ರೇಡಿಯೊ ಬಡಕೊಳ್ಳುತ್ತಿತ್ತು. ಹಾಡು, ಭಾಷಣ, ಜಾಹೀರಾತು, ಏನು ಬಂದರೂ ಸರಿ, ನಿಲ್ಲುವುದೇ ಇಲ್ಲ.

ಚೈತ್ರ ಸ್ನಾನಕ್ಕೆ ಹೋಗಿದ್ದಳು. ನನಗೆ ಸಿಟ್ಟು ಬಂತು. ನನಗೆ ಫೋನಿನಲ್ಲಿ ಎರಡು ಮಾತು ಬೇಡವೆಂದ ದೇಶ ಇವರಿಗೆ ಇಷ್ಟು ಸದ್ದು ಬಿಡುತ್ತದೆಯೇ? ದಾವಣಗೆರೆಯಲ್ಲಿ ಇದಕ್ಕೊಂದು ಸುಲಭದ ಕ್ರಮವಿದೆ. ಸ್ಟೀಲ್ ಲೋಟ ತೆಗೆದುಕೊಂಡು ಗೋಡೆಗೆ ಟಣಟಣ ಬಡಿಯುವುದು. ಆ ಕಡೆಯವರು ಒಂದು ಸಲ ಬೈದು, ಸದ್ದು ಇಳಿಸಿ, ಮರುದಿನ ಹೆಪ್ಪಿಗೆ ಮೊಸರು ಕೇಳಲು ಬರುತ್ತಾರೆ. ನಾನೂ ಹಾಗೆಯೇ ಬಡಿದೆ.

ರೇಡಿಯೊ ಥಟ್ಟನೆ ಸತ್ತಿತು. ಆಮೇಲೆ ಬೈಗುಳವೂ ಇಲ್ಲ, ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲು ಮೆಲ್ಲಗೆ ತೆರೆದು ಮುಚ್ಚಿದ ಸದ್ದು, ಮೆಟ್ಟಿಲ ಮೇಲೆ ಅವಸರದ ಹೆಜ್ಜೆ. ಕಿಟಕಿಯಿಂದ ನೋಡಿದರೆ ಇಬ್ಬರು ಗಂಡಸರು ಬೆನ್ನಿಗೆ ಚೀಲ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದರು. ಒಬ್ಬ ಉದ್ದ, ಒಬ್ಬ ಗಿಡ್ಡ. ಗಿಡ್ಡನೆಯವನ ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

ಚೈತ್ರ ತಲೆ ಒರೆಸಿಕೊಳ್ಳುತ್ತ ಬಂದವಳು ನನ್ನ ಕೈಯ ಲೋಟ ನೋಡಿ ನಿಂತುಬಿಟ್ಟಳು.

"ಮಾವ, ಗೋಡೆ ಬಡಿದ್ರಾ?"

"ಮತ್ತಿನ್ನೇನು ಮಾಡ್ಲಿ, ಆರತಿ ಎತ್ಲೇನು?"

ಅವಳು ಕಿಟಕಿಯಿಂದ ಬಸ್ ನಿಲ್ದಾಣದ ಕಡೆ ನೋಡಿದಳು. ಒದ್ದೆ ತಲೆಯಲ್ಲೇ ಮೆಟ್ಟಿಲಿಳಿದು ಓಡಿದಳು. ಅರ್ಧ ಗಂಟೆಯ ಮೇಲೆ ಅವರಿಬ್ಬರನ್ನೂ ಕರೆತಂದು ಅವರ ಮನೆಗೆ ಬಿಟ್ಟು ನನ್ನೆದುರು ಕೂತಳು.

"ಅವರ ದೇಶದಲ್ಲಿ ಪಕ್ಕದ ಮನೆಯವರು ಹೀಗೇ ಗೋಡೆ ಬಡಿದ್ರು ಮಾವ. ಆಮೇಲೆ ಪೊಲೀಸ್ ಬಂದ್ರು. ಅವರಿಬ್ರೂ ಕಪಲ್. ಮನೇಲಿ ಮಾತಾಡೋದು ಆಚೆ ಕೇಳಬಾರ್ದು ಅಂತ ಅಲ್ಲಿ ರೇಡಿಯೊ ಹಾಕ್ಕೊಂಡೇ ಬದುಕಿದ್ರು. ಇಲ್ಲಿಗೆ ಬಂದ್ರೂ ಆ ಅಭ್ಯಾಸ ಬಿಟ್ಟಿಲ್ಲ. ಅದಕ್ಕೇ ನಾನು ಏನೂ ಹೇಳಲ್ಲ."

ಮನೆಯೊಳಗೆ ಮಾತಾಡಲು ರೇಡಿಯೊದ ಆಸರೆ ಬೇಕಾಗುವ ಬದುಕನ್ನು ನಾನು ಎಣಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಲೋಟವನ್ನು ತೊಳೆದು ಬೋರಲು ಹಾಕಿದೆ.

ಬಟ್ಟೆ ತೊಳೆಯುವ ಕೋಣೆ

ಮಾಡಿದ್ದುಣ್ಣೋ ಮಹರಾಯ. ಮರುದಿನ ಬೆಳಗ್ಗೆ ಮಂಡಕ್ಕಿ ಕಲಸಿದೆ. ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ, ನಿಂಬೆಹಣ್ಣು. ಅದನ್ನು ಹಿಡಿದು ನೆಲಮಾಳಿಗೆಗೆ ಇಳಿದೆ. ಈ ದೇಶದ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ತೊಳೆಯುವ ಕೋಣೆ. ಸರದಿ ಮೊದಲೇ ಕಾದಿರಿಸಬೇಕು. ಬೇರೆಯವರ ಸರದಿಗೆ ಕೈ ಹಾಕಿದರೆ ಅದೊಂದೇ ಇಲ್ಲಿ ಕ್ಷಮಿಸಲಾರದ ಪಾಪವಂತೆ. ಆ ಹೊತ್ತಿನ ಸರದಿ ಪಕ್ಕದ ಮನೆಯವರದೆಂದು ಚೈತ್ರ ಹೇಳಿದ್ದಳು.

ನನ್ನನ್ನು ಕಂಡು ಗಿಡ್ಡನೆಯವನು ಯಂತ್ರದ ಹಿಂದಕ್ಕೆ ಸರಿದ. ಉದ್ದನೆಯವನು ಮುಂದೆ ಬಂದು ನಿಂತ. ನಾನು ಕೈ ಮುಗಿದು "ಸಾರಿ" ಎಂದೆ. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಒಂದೇ ಗರಡಿಯಲ್ಲಿ ಸಾಮು ಮಾಡಿದವು, ಆದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು. ಉದ್ದನೆಯವನು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ಹಸಿಮೆಣಸು ಸಿಕ್ಕಿ ಕಣ್ಣಲ್ಲಿ ನೀರು ಬಂತು. "ಇದು ಕ್ಷಮೆಯೋ ಶಿಕ್ಷೆಯೋ?" ಎಂದು ಕೇಳಿದ. ಗಿಡ್ಡನೆಯವನು ಯಂತ್ರದ ಹಿಂದೆಯೇ ನಕ್ಕ.

ಇವರ ನಿಜವಾದ ಹೆಸರನ್ನೂ ದೇಶವನ್ನೂ ನಾನು ಬರೆಯುವುದಿಲ್ಲ. ಗಿಡ್ಡನೆಯವನ ತಾಯಿ ಇನ್ನೂ ಅಲ್ಲೇ ಇದ್ದಾಳೆ, ಬರೆಯಬೇಡಿ ಎಂದು ಇಬ್ಬರೂ ಕೇಳಿಕೊಂಡಿದ್ದಾರೆ. "ನಿಮ್ಮೂರಿನದೇ ಹೆಸರಿಡಿ" ಎಂದರು. ಹಾಗಾಗಿ ಉದ್ದನೆಯವನು ಮಂಜಣ್ಣ, ಗಿಡ್ಡನೆಯವನು ಬಸಣ್ಣ. ದಾವಣಗೆರೆಯ ಯಾವ ಬೀದಿಯಲ್ಲಿ ನಿಂತು ಈ ಹೆಸರು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ, ಯಾವ ಪೊಲೀಸೂ ಹುಡುಕಲಾರ.

ಬಟ್ಟೆ ತಿರುಗುತ್ತಿದ್ದಂತೆ ಮಂಜಣ್ಣ ಹೇಳುತ್ತ ಹೋದ.

"ಮೊದಲು ಮಕ್ಕಳ ಹೆಸರಿನಲ್ಲಿ ಕಾಯಿದೆ ಬಂತು. ನಮ್ಮಂಥವರ ವಿಷಯ ಮಕ್ಕಳ ಕಿವಿಗೆ ಬೀಳಬಾರದು ಎಂದರು. ಮಕ್ಕಳ ಒಳ್ಳೆಯದಕ್ಕೆ ಯಾರು ಬೇಡ ಅಂತಾರೆ? ನಮ್ಮ ಗೆಳೆಯರೇ ಸುಮ್ಮನಿದ್ದರು. ಆಮೇಲೆ ದೊಡ್ಡವರ ಕಿವಿಗೂ ಬೀಳಬಾರದು ಎಂದಾಯಿತು. ಪುಸ್ತಕಗಳು ಅಂಗಡಿಯಿಂದ ಹೋದವು. ಕೊನೆಗೆ ನಮ್ಮಂಥವರೆಲ್ಲ ಸೇರಿ ಒಂದು ಉಗ್ರರ ಗುಂಪು ಎಂದರು. ನಾನು ಉಗ್ರ! ನಾನು ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದೆ."

"ಅಷ್ಟು ಜನರನ್ನೆಲ್ಲ ಹಿಡಿದು ಹಾಕಿದರೇನು?" ಎಂದು ಕೇಳಿದೆ.

"ಎಲ್ಲರನ್ನೂ ಹಿಡಿಯುವ ಅಗತ್ಯ ಏನಿದೆ? ಊರಿಗೊಬ್ಬನನ್ನು ಹಿಡಿದರೆ ಸಾಕು. ಉಳಿದವರು ತಾವೇ ದನಿ ಇಳಿಸುತ್ತಾರೆ. ಉಳಿದ ಕೆಲಸ ನೆರೆಮನೆಯವರು ಮಾಡುತ್ತಾರೆ. ಸಂಬಳ ತಡವಾದ ತಿಂಗಳು, ಬ್ರೆಡ್ಡಿನ ಬೆಲೆ ಏರಿದ ತಿಂಗಳು ಟೀವಿಯಲ್ಲಿ ನಮ್ಮ ಸುದ್ದಿಯೇ ಹೆಚ್ಚು. ಜನ ಬ್ರೆಡ್ಡು ಮರೆತು ನಮ್ಮನ್ನು ಬೈಯುತ್ತಾರೆ."

ಬಸಣ್ಣ ಅಷ್ಟು ಹೊತ್ತೂ ಬಾಗಿಲ ಕಡೆಯೇ ನೋಡುತ್ತಿದ್ದ. ಮೇಲೆ ಯಾರೋ ನಡೆದರೆ ಸಾಕು, ಯಂತ್ರದ ಹಿಂದಿನಿಂದ ಕೈ ಚಾಚಿ ಮಂಜಣ್ಣನ ತೋಳು ಮುಟ್ಟಿ ಮಾತು ನಿಲ್ಲಿಸುತ್ತಿದ್ದ. ಸ್ವೀಡನ್ನಿನಲ್ಲಿ ಇಬ್ಬರಿಗೂ ಇರಲು ಅನುಮತಿ ಸಿಕ್ಕಿದೆ. ಅದೂ ಸದ್ಯಕ್ಕೆ, ಮತ್ತೆ ನವೀಕರಿಸಬೇಕು, ನಿಯಮಗಳು ಇಲ್ಲೂ ಬಿಗಿಯಾಗುತ್ತಿವೆ ಎಂದು ಚೈತ್ರ ಆಮೇಲೆ ಹೇಳಿದಳು. ಆದರೂ ಈ ವಾರವೇ ಇಲ್ಲಿಯ ಕೊಮ್ಯೂನಿನಲ್ಲಿ, ಅಂದರೆ ನಮ್ಮ ನಗರಸಭೆಯಂಥ ಕಛೇರಿಯಲ್ಲಿ, ಅವರ ಮದುವೆ ಗೊತ್ತಾಗಿತ್ತು. ಒಮ್ಮೆ ಗೊತ್ತಾಗಿ, ಬಸಣ್ಣ ಬಾಗಿಲವರೆಗೆ ಹೋಗಿ ಹೆದರಿ ವಾಪಸು ಬಂದದ್ದೂ ಆಗಿತ್ತು.

ಮದುವೆ ಎಂದ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಬಾಳೆಕಂಬದಿಂದ ಬೀಗರೂಟದವರೆಗೆ ಎಲ್ಲ ವರ್ಣಿಸಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ ನಮ್ಮಲ್ಲಿ ಎಂದೆ. "ಸುಳ್ಳು ಆಗಲೇ ಹೇಳಿ ಮುಗಿಸಿದ್ದೇವೆ" ಎಂದ ಬಸಣ್ಣ. ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಗಟ್ಟಿಮೇಳದ ವಿಷಯ ಬಂದಾಗ ಮಾತ್ರ ಯಂತ್ರದ ಹಿಂದಿನಿಂದ ಎದ್ದು ಬಂದ.

"ತಾಳಿ ಕಟ್ಟುವ ಗಳಿಗೆಗೆ ಡೋಲು, ನಾಗಸ್ವರ ಎಲ್ಲ ಒಟ್ಟಿಗೆ ಜೋರಾಗಿ ಬಾರಿಸುತ್ತಾರೆ," ಎಂದೆ. "ಯಾರೋ ಸೀನಬಹುದು, ಮಗು ಅಳಬಹುದು, ಒಲ್ಲದವರು ಕೆಟ್ಟ ಮಾತಾಡಬಹುದು. ಅದೊಂದೂ ಗಂಡು ಹೆಣ್ಣಿನ ಕಿವಿಗೆ ಬೀಳಬಾರದು. ಅದಕ್ಕೇ ಅಷ್ಟು ಸದ್ದು."

ಬಸಣ್ಣ ಯೋಚಿಸಿದ. "ನಮ್ಮ ಸದ್ದು ಹೊರಗೆ ಹೋಗದಿರಲಿ ಅಂತ ನಾವು ರೇಡಿಯೊ ಹಾಕ್ತೇವೆ. ನೀವು ಹೊರಗಿನ ಸದ್ದು ಒಳಗೆ ಬರದಿರಲಿ ಅಂತ ಬಾರಿಸ್ತೀರಿ," ಎಂದ. ಆಮೇಲೆ ಇನ್ನೊಂದು ಹಿಡಿ ಮಂಡಕ್ಕಿ ತೆಗೆದುಕೊಂಡ, ಮೆಣಸನ್ನು ಆರಿಸಿ ಬದಿಗಿಟ್ಟು.

ಕೊಮ್ಯೂನಿನ ಕಛೇರಿ

ಇಲ್ಲಿ ಮದುವೆಗೆ ಪುರೋಹಿತ ಬೇಡ, ಛತ್ರ ಬೇಡ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಒಬ್ಬಳು ಚೈತ್ರ. ಇನ್ನೊಬ್ಬಳು ಅವಳ ಲ್ಯಾಬಿನ ಸ್ವೀಡಿಷ್ ಗೆಳತಿ. ತಮ್ಮ ದೇಶದವರಲ್ಲಿ ಒಬ್ಬರನ್ನೂ ಇವರು ಕರೆದಿರಲಿಲ್ಲ, ಯಾರು ಯಾರಿಗೆ ಹೇಳುತ್ತಾರೋ ಎಂಬ ಭಯ. ನಾನು ಅಕ್ಷತೆಯ ಡಬ್ಬಿ ಹಿಡಿದು ಸುಮ್ಮನೆ ಜೊತೆಗೆ ಹೊರಟವನು. ಹೊರಗೆ ಬಿಸಿಲು ಚೆನ್ನಾಗಿತ್ತು. ಮಂಜಣ್ಣ ನೀಲಿ ಅಂಗಿ, ಬಸಣ್ಣ ಹೊಚ್ಚ ಹೊಸ ಬಿಳಿ ಅಂಗಿ.

ಕಛೇರಿಯ ಮೆಟ್ಟಿಲ ಬಳಿ ಚೈತ್ರಳ ಫೋನು ಸದ್ದು ಮಾಡಿತು. ಗೆಳತಿಯ ಮಗುವಿಗೆ ಜ್ವರ. ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಕರೆದೊಯ್ಯಲು ಹೇಳಿದ್ದಾರೆ, ಬರಲಾಗುವುದಿಲ್ಲ. ಈ ದೇಶದಲ್ಲಿ ಮಗುವಿನ ಮೂಗು ಸೋರಿದರೆ ಮಂತ್ರಿಯೂ ಮನೆಗೆ ಹೋಗುತ್ತಾನಂತೆ.

"ಮಾವ, ನೀವು ವಿಟ್ನೆಸ್ ಆಗ್ತೀರಾ? ಪ್ಲೀಸ್. ಪಾಸ್‌ಪೋರ್ಟ್ ಇದ್ಯಲ್ಲ?"

ನಾನು ತಕ್ಷಣ ಹ್ಞೂಂ ಎನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಮಂಡಕ್ಕಿ ಕೊಡುವುದು ಬೇರೆ, ಮದುವೆಗೆ ಸಾಕ್ಷಿ ನಿಲ್ಲುವುದು ಬೇರೆ. ಇಂಥದೊಂದು ಜೋಡಿ ನಮ್ಮ ಛತ್ರಕ್ಕೆ ಬಂದಿದ್ದರೆ "ಹಾಲ್ ಖಾಲಿಯಿಲ್ಲ" ಎಂದು ಕಳಿಸುವ ಪೈಕಿ ನಾನು. ಬ್ರಿಟಿಷರ ಕಾಲದ ಕಾಯಿದೆಯನ್ನು ನಮ್ಮ ನ್ಯಾಯಾಲಯ ಬದಿಗೆ ಸರಿಸಿದ್ದು ಪೇಪರಿನಲ್ಲಿ ಓದಿದ್ದೆ. ಇಂಥವರ ಮದುವೆಗೆ ನಮ್ಮಲ್ಲಿ ಇನ್ನೂ ಕಾನೂನಿನ ಒಪ್ಪಿಗೆಯಿಲ್ಲ ಎಂಬುದನ್ನೂ ಓದಿದ್ದೆ. ಎರಡನ್ನೂ ಓದಿ ಪುಟ ತಿರುವಿದ್ದೆ. ಊರಲ್ಲಿ ಗೊತ್ತಾದರೆ ಏನಂದಾರು ಎಂಬ ಅಳುಕೂ ಇತ್ತು.

ಮಂಜಣ್ಣ ನನ್ನ ಪಕ್ಕಕ್ಕೆ ಬಂದು ಬಹಳ ತಗ್ಗಿದ ದನಿಯಲ್ಲಿ ಹೇಳಿದ: "ಇವತ್ತು ತಪ್ಪಿದರೆ ಇವನು ಮತ್ತೆ ಬರುವುದಿಲ್ಲ. ನನಗೆ ಗೊತ್ತು."

ಬಸಣ್ಣನ ಮುಖ ನೋಡಿದೆ. ಲಗ್ನದ ಬೆಳಗ್ಗೆ ಹೆದರಿದ ಮದುಮಕ್ಕಳನ್ನು ನಾನು ಜೀವನವಿಡೀ ನೋಡಿದ್ದೇನೆ. ಯಾವ ಜಾತಿ, ಯಾವ ಊರು, ಎಲ್ಲರ ಮುಖವೂ ಆ ಹೊತ್ತಿಗೆ ಒಂದೇ. ಇವನದೂ ಅದೇ ಮುಖ. "ಮುಹೂರ್ತ ಮೀರ್ತದೆ, ನಡೀರಿ," ಎಂದೆ.

ಒಳಗೆ ಒಂದು ಚಿಕ್ಕ ಕೋಣೆ, ಮರದ ಮೇಜು, ಹೂದಾನಿಯಲ್ಲಿ ಕಾಡುಹೂವು. ಮದುವೆ ನಡೆಸುವ ಹೆಂಗಸು ಕನ್ನಡಕದವಳು, ನಮ್ಮ ಕಡೆಯ ಮುಖ್ಯೋಪಾಧ್ಯಾಯಿನಿಯ ಹಾಗೆ. ನನ್ನ ಪಾಸ್‌ಪೋರ್ಟು ನೋಡಿ ಹೆಸರು ಬರೆದುಕೊಂಡಳು. ಮಂಜಣ್ಣನನ್ನು ಇಂಗ್ಲಿಷಿನಲ್ಲಿ ಕೇಳಿದಳು, ಇವನನ್ನು ಗಂಡನೆಂದು ಒಪ್ಪಿ ಕಷ್ಟಸುಖದಲ್ಲಿ ಪ್ರೀತಿಸುವೆಯಾ ಎಂದು. ಮಂಜಣ್ಣ "ಯಾ" ಎಂದ. ಸ್ವೀಡಿಷಿನಲ್ಲಿ ಹೌದು ಎನ್ನಲು ಅಷ್ಟೇ ಸಾಕು.

ಆಮೇಲೆ ಬಸಣ್ಣನ ಸರದಿ. ಅವಳು ಕೇಳಿ ಮುಗಿಸಿದಳು. ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಪಕ್ಕದ ಕೋಣೆಯ ಗೋಡೆ ಟಕ್ ಟಕ್ ಟಕ್ ಎಂದಿತು. ಯಾರೋ ರಿಪೇರಿಯವರು ಮೊಳೆ ಹೊಡೆಯುತ್ತಿದ್ದರು, ಅಷ್ಟೇ. ಆದರೆ ಬಸಣ್ಣ ಬಿಳುಚಿಕೊಂಡ. ಬಾಯಿ ತೆರೆದೇ ಇದೆ, ದನಿ ಇಲ್ಲ. ಕಣ್ಣು ಬಾಗಿಲ ಕಡೆ. ಒಂದು ಕಾಲು ಆಗಲೇ ಹಿಂದಕ್ಕೆ. ಟಕ್ ಟಕ್ ಟಕ್.

ಚೈತ್ರ ನನ್ನ ಮುಖ ನೋಡಿದಳು. ಗೋಡೆ ಬಡಿದರೆ ಈ ಹುಡುಗನಿಗೆ ಏನಾಗುತ್ತದೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಾರು? ನಾನೇ ಬಡಿದವನು. ನನ್ನ ಗಂಟಲು ನನ್ನನ್ನು ಕೇಳಲಿಲ್ಲ. ತೋರುಬೆರಳು ಮೇಲೆತ್ತಿ, ಛತ್ರದ ಮೂರನೇ ಮಹಡಿಗೆ ಕೇಳುವಂತೆ ಕೂಗಿದೆ: "ಗಟ್ಟಿಮೇಳ! ಗಟ್ಟಿಮೇಳ!"

ವಾಲಗದವರು ಎಲ್ಲಿಂದ ಬರಬೇಕು? ನಾನೇ ಎರಡೂ ಅಂಗೈಯಿಂದ ಸರ್ಕಾರದ ಮೇಜನ್ನು ಡೋಲು ಮಾಡಿ ಬಾರಿಸಿದೆ. ಚೈತ್ರ ಬಾಯಲ್ಲೇ ಪೀಪೀ ಎಂದು ನಾಗಸ್ವರ ಊದಿದಳು. ಪಿಎಚ್.ಡಿ. ಮಾಡಿದವಳು! ಹೂದಾನಿ ಕುಣಿಯಿತು, ಕನ್ನಡಕದವಳು ಎರಡು ಹೆಜ್ಜೆ ಹಿಂದೆ ಸರಿದಳು, ಮೊಳೆಯ ಸದ್ದು ಎಲ್ಲಿ ಹೋಯಿತೋ. ಬಸಣ್ಣ ನನ್ನ ಕಡೆ ತಿರುಗಿದ. ಅರ್ಥವಾಯಿತು ಅವನಿಗೆ. ಮೊದಲು ಮುಖದಲ್ಲಿ ನಗು ಬಂತು, ಆಮೇಲೆ ಬಾಯಿ ಆಡಿತು.

ನಾನು ಬಾರಿಸುವುದು ನಿಲ್ಲಿಸಿದೆ. ಕನ್ನಡಕದವಳು ಹೂದಾನಿಯನ್ನು ಸರಿಮಾಡಿ, ಗಂಟಲು ಸರಿಪಡಿಸಿಕೊಂಡು, ಬಹಳ ವಿನಯದಿಂದ ಹೇಳಿದಳು: "ಕ್ಷಮಿಸಿ. ನೀವು ಹೌದು ಎಂದಿರಬಹುದು. ಆದರೆ ನನಗೆ ಕೇಳಿಸಲಿಲ್ಲ. ಕಾನೂನಿನ ಪ್ರಕಾರ ನನಗೆ ಕೇಳಿಸಬೇಕು."

ಕೈಗೆ ಬಂದದ್ದನ್ನು ನಾನೇ ಕೆಡಿಸಿದೆನೇ? ಪಕ್ಕದ ಕೋಣೆಯವರೂ ನಮ್ಮ ಗದ್ದಲಕ್ಕೆ ಗಾಬರಿಯಾಗಿ ಸುತ್ತಿಗೆ ಕೆಳಗಿಟ್ಟಿದ್ದರೋ ಏನೋ, ಎಲ್ಲೂ ಒಂದು ಸದ್ದಿಲ್ಲ. ಮರೆಯಾಗಲು ಬಸಣ್ಣನಿಗೆ ಈಗ ರೇಡಿಯೊ ಇಲ್ಲ, ಡೋಲಿಲ್ಲ. ಅವನ ದೇಶದ ಕಾಯಿದೆಗೆ ಅವನ ದನಿ ಕೇಳಿಸಲೇಬಾರದು. ಇಲ್ಲಿಯ ಕಾಯಿದೆಗೆ ಕೇಳಿಸಲೇಬೇಕು. ಅವಳು ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದಿದಳು.

"ಯಾ," ಎಂದ ಬಸಣ್ಣ. ಗಟ್ಟಿಯಾಗಿ, ಸ್ಪಷ್ಟವಾಗಿ, ಬಾಗಿಲ ಕಡೆ ನೋಡದೆ. ಯಾರೂ ಮತ್ತೆ ಪ್ರಶ್ನೆ ಕೇಳದಿದ್ದರೂ ಇನ್ನೊಮ್ಮೆ ಹೇಳಿದ.

ಮಂಜಣ್ಣ ಅತ್ತ. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಓದಲು ಬಾರದೆ ಕನ್ನಡಕದವಳು ಒದ್ದಾಡಿದಾಗ, ನಾನೇ ದೊಡ್ಡ ದನಿಯಲ್ಲಿ ಅಕ್ಷರಕ್ಷರ ಬಿಡಿಸಿ ಹೇಳಿದೆ. ಅಕ್ಷತೆಯನ್ನು ದಯವಿಟ್ಟು ಹೊರಗೆ ಹಾಕಿ ಎಂದಳು. ಇವರಲ್ಲೂ ಮದುವೆಗೆ ಅಕ್ಕಿ ಎರಚುತ್ತಾರಂತೆ! ಆದರೆ ಅವರ ಅಕ್ಕಿಗೆ ಅರಿಶಿನವಿಲ್ಲ. ನನ್ನ ಅಕ್ಕಿಗೆ ಅರಿಶಿನ ಸ್ವಲ್ಪ ಜಾಸ್ತಿಯಾಗಿತ್ತು, ನೀರೂ ಜಾಸ್ತಿಯಾಗಿತ್ತು. ಮೆಟ್ಟಿಲ ಮೇಲೆ ಮನಸಾರೆ ಎರಚಿದೆ. ಬಸಣ್ಣನ ಬಿಳಿ ಅಂಗಿ ಹೆಗಲಿಂದ ಸೊಂಟದವರೆಗೆ ಹಳದಿಯಾಯಿತು. ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ ಯಾರೋ ಗಂಟೆ ಬಾರಿಸಿ ಹೋದರು.

ಮತ್ತೆ ಅದೇ ಗೋಡೆ

ಸಂಜೆ, ಎಂದರೆ ಗಡಿಯಾರದ ಸಂಜೆ, ಚೈತ್ರ ಮಾಡಿದ ಪಾಯಸ ಉಂಡು ಅವರಿಬ್ಬರೂ ತಮ್ಮ ಮನೆಗೆ ಹೋದರು. ನಾನು ಹಾಸಿಗೆ ಬಿಡಿಸುತ್ತಿದ್ದೆ. ಏನೋ ಒಂದು ಕೊರತೆ ಅನ್ನಿಸಿತು. ಪಕ್ಕದ ಮನೆಯ ರೇಡಿಯೊ ಹಾಡುತ್ತಿರಲಿಲ್ಲ. ಮತ್ತೆ ಚೀಲ ಹೊತ್ತು ಹೋದರೇ? ಗೋಡೆಗೆ ಕಿವಿ ಕೊಟ್ಟೆ.

ಒಳಗಿದ್ದರು. ಮಾತಾಡುತ್ತಿದ್ದರು. ಮಾತೇನು, ಜಗಳ! ಬಸಣ್ಣನ ದನಿಯೇ ಮೇಲೆ. ಆ ಹುಡುಗನಿಗೆ ಅಷ್ಟು ದೊಡ್ಡ ಗಂಟಲಿತ್ತೆಂದು ಯಾರಿಗೆ ಗೊತ್ತಿತ್ತು? ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು, ನಡುನಡುವೆ "ಟರ್ಮೆರಿಕ್, ಟರ್ಮೆರಿಕ್" ಎಂದು ಅರಿಶಿನದ ಇಂಗ್ಲಿಷ್ ಹೆಸರು ಕೇಳುತ್ತಿತ್ತು. ಅಂಗಿಯನ್ನು ಮಂಜಣ್ಣ ಬಿಸಿನೀರಲ್ಲಿ ನೆನೆಹಾಕಿ ಪೂರ್ತಿ ಹಾಳು ಮಾಡಿದ್ದಿರಬೇಕು. ಪಾತ್ರೆಯೊಂದು ಧಡಾರನೆ ಬಿತ್ತು, ಮಂಜಣ್ಣ ಏನೋ ಗೊಣಗಿದ, ಬಸಣ್ಣ ಮತ್ತೂ ಕೂಗಿದ. ಕೆಳಗಿನ ಮನೆಯವರಿಗೂ ಕೇಳಿಸಿರುತ್ತದೆ.

ಚೈತ್ರ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ತುಂಬಾ ಗಲಾಟೆ ಅಲ್ವಾ ಮಾವ? ಲೋಟ ಕೊಡ್ಲಾ?"

"ಸುಮ್ಮನಿರವ್ವಾ," ಎಂದೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ಗಾದೆಯಲ್ಲಿ ಹೆಂಡತಿ ಇದ್ದದ್ದು ಹೇಳಿದ ಮೇಲೆ ಹೊಳೆಯಿತು. ತಿದ್ದಲು ಹೋಗಲಿಲ್ಲ. ಗೋಡೆಯ ಕಡೆಗೇ ತಲೆ ಹಾಕಿ ಮಲಗಿದೆ. ಅವರ ಜಗಳ ಮುಗಿಯುವ ಮೊದಲೇ ನನಗೆ ಗಾಢ ನಿದ್ದೆ ಬಂತು.